ಮೂರು ಪಾತ್ರೆ, ಮೂರು ಗೆರೆ, ಒಂದು ಗ್ರಾಫ್

ಗಾಜಿನ ಲೋಟ ಸ್ಟೀಲ್ ಲೋಟಕ್ಕಿಂತ ಎರಡು ಪಟ್ಟು ಹೊತ್ತು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ ಎಂದು ನಾನು ಮೂರು ದಿನ ನಂಬಿದ್ದೆ. ನಂಬಿದ್ದು ಸಾಲದು ಅಂತ ಇಬ್ಬರು ಗೆಳೆಯರಿಗೆ ಗ್ರಾಫ್ ಕಳಿಸಿಯೂ ಆಗಿತ್ತು. ಅವರಲ್ಲಿ ಒಬ್ಬ ಒಂದೇ ಸಾಲಿನ ಉತ್ತರ ಬರೆದ: "ಸರಿಯಾಗಿ ಎರಡೇ ಪಟ್ಟಾ?" ಆಗಲೇ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಅಳೆದು ತೆಗೆದ ಸಂಖ್ಯೆ ಯಾವತ್ತೂ ಅಷ್ಟು ನೀಟಾಗಿ ಬರುವುದಿಲ್ಲ. 1.87 ಬರುತ್ತದೆ, 2.13 ಬರುತ್ತದೆ. ಸರಿಯಾಗಿ ಎರಡು ಬಂತು ಅಂದರೆ ಅದು ಲೋಟದ ಗುಣ ಅಲ್ಲ, ನಾನು ಎಲ್ಲೋ ಮಾಡಿದ ಎಡವಟ್ಟು.

ಪ್ರಯೋಗ ತೀರಾ ಸರಳವಾಗಿತ್ತು. ಒಂದು ಸ್ಟೀಲ್ ಲೋಟ, ಒಂದು ಗಾಜಿನ ಲೋಟ, ಮುಚ್ಚಳ ಇರುವ ಒಂದು ಪಿಂಗಾಣಿ ಮಗ್. ಮೂರಕ್ಕೂ 200 ಗ್ರಾಂ ಬಿಸಿನೀರು, ಶುರುವಿನಲ್ಲಿ ಸುಮಾರು 85 ಡಿಗ್ರಿ. ಕೋಣೆಯ ಉಷ್ಣತೆ 26. ಮೂರರಲ್ಲೂ ಒಂದೊಂದು ಡಿಜಿಟಲ್ ಥರ್ಮಾಮೀಟರ್. ಯಾವುದು ಎಷ್ಟು ಬೇಗ ಆರುತ್ತದೆ ಎಂದು ನೋಡುವುದು, ಮೂರೂ ಗೆರೆಗಳನ್ನು ಒಂದೇ ಗ್ರಾಫಿನ ಮೇಲೆ ಹಾಕುವುದು. ಮೊದಲ ಸುತ್ತಿನ ಅಳೆಯುವ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು. ಗ್ರಾಫ್ ಹಾಕುವ ಕೆಲಸಕ್ಕೆ ಎರಡು ವಾರ ಹಿಡಿಯಿತು, ಅದರ ಕಥೆಯೇ ಇದು.

ಎಡವಟ್ಟು ಆಗಿದ್ದು ಹೀಗೆ. ಸ್ಟೀಲ್ ಲೋಟದ ಥರ್ಮಾಮೀಟರ್ 60 ಸೆಕೆಂಡಿಗೆ ಒಂದು ಸಲ ರೀಡಿಂಗ್ ಬರೆದುಕೊಳ್ಳುತ್ತಿತ್ತು. ಗಾಜಿನದ್ದು ಬೇರೆ ಮಾಡೆಲ್, 30 ಸೆಕೆಂಡಿಗೆ ಒಂದು ಸಲ. ನಾನು ಎರಡೂ ಫೈಲಿನಿಂದ ಉಷ್ಣತೆಯ ಕಾಲಂ ಮಾತ್ರ ಎತ್ತಿಕೊಂಡು ಸುಮ್ನೆ ಪ್ಲಾಟ್ ಕಮಾಂಡಿಗೆ ಕೊಟ್ಟೆ. ಅದು ಏನೂ ಕೇಳಲಿಲ್ಲ. ವೈ ಮಾತ್ರ ಕೊಟ್ಟರೆ ಎಕ್ಸ್ ಅನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ: ಮೊದಲನೇ ಚುಕ್ಕಿ, ಎರಡನೇ ಚುಕ್ಕಿ, ಮೂರನೇ ಚುಕ್ಕಿ. ಗ್ರಾಫ್ ಹಾಕುವ ಸಾಫ್ಟ್‌ವೇರುಗಳಲ್ಲಿ ಮ್ಯಾಥೆಮ್ಯಾಟಿಕಾ, ಮ್ಯಾಟ್‌ಲ್ಯಾಬ್, ಆರ್ ಇವೆಲ್ಲ 1ರಿಂದ ಎಣಿಸುತ್ತವೆ. ಮ್ಯಾಟ್‌ಪ್ಲಾಟ್‌ಲಿಬ್, ಗ್ನೂಪ್ಲಾಟ್ 0ಯಿಂದ. ಎಲ್ಲಿಂದ ಎಣಿಸಿದರೂ ಎಣಿಸುವುದು ಚುಕ್ಕಿಗಳನ್ನು, ನಿಮಿಷಗಳನ್ನಲ್ಲ. ಹಾಗಾಗಿ ಗ್ರಾಫಿನಲ್ಲಿ 20ನೇ ಜಾಗ ಅಂದರೆ ಸ್ಟೀಲಿಗೆ 20 ನಿಮಿಷ, ಗಾಜಿಗೆ ಬರೀ 10 ನಿಮಿಷ. ಗಾಜು ನಿಧಾನವಾಗಿ ಆರಿದ ಹಾಗೆ ಕಾಣದೆ ಇನ್ನೇನು ಕಾಣುತ್ತದೆ ಹೇಳಿ.

ಒಂದೊಂದೇ ಗೆರೆ ನೋಡಿದಾಗ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಗೆರೆಯ ಆಕಾರ ಸರಿಯಾಗಿಯೇ ಇರುತ್ತದೆ, ಇಳಿಜಾರು ಚೆನ್ನಾಗಿಯೇ ಇರುತ್ತದೆ. ಎರಡನ್ನು ಒಂದೇ ಹಾಳೆಯ ಮೇಲೆ ಇಟ್ಟ ಮೇಲೇ ಅದು ಸುಳ್ಳಾಗುವುದು. ಯಾಕೆಂದರೆ ಒಂದರ ಮೇಲೊಂದು ಗೆರೆ ಹಾಕುವುದು ಅಂದರೆ ಎರಡು ಚಿತ್ರ ಅಂಟಿಸುವುದಲ್ಲ, ಈ ಎರಡಕ್ಕೂ ಅಕ್ಷ ಒಂದೇ ಎಂದು ಸಹಿ ಹಾಕಿದ ಹಾಗೆ. ಸಾಫ್ಟ್‌ವೇರ್ ಆ ಸಹಿಯನ್ನು ನಮ್ಮ ಪರವಾಗಿ ತಾನೇ ಹಾಕಿಬಿಡುತ್ತದೆ. ನಾವು ಓದಿಯೂ ಇರುವುದಿಲ್ಲ.

ಸಮಯದ ಕಾಲಂ ಸೇರಿಸಿದ ಮೇಲೆ ಗಾಜು ನೆಲಕ್ಕೆ ಬಂತು. ಸ್ಟೀಲ್ ಲೋಟ 55 ಡಿಗ್ರಿಗೆ ಬರಲು 20 ನಿಮಿಷ, ಗಾಜು 22 ನಿಮಿಷ. ಅಷ್ಟೇ ವ್ಯತ್ಯಾಸ. ಈ ಅಂಕಿಗಳು ಸಿಗುವ ಮುಂಚೆ ಇನ್ನೊಂದು ತಕರಾರು ಬಿಡಿಸಬೇಕಿತ್ತು. ಗಾಜಿನ ಲೋಟಕ್ಕೆ ನಾನು ನೀರು ಸುರಿದಿದ್ದು ಎರಡು ನಿಮಿಷ ತಡವಾಗಿ, ಫೈಲುಗಳಲ್ಲಿ ಇದ್ದದ್ದು ಗಡಿಯಾರದ ಸಮಯ. ಪ್ರತಿ ಫೈಲಿನ ಸಮಯದಿಂದ ಆಯಾ ಲೋಟದ ಶುರುವಿನ ಸಮಯವನ್ನು ಕಳೆಯಬೇಕಾಯಿತು. ಇದು ಸಣ್ಣ ಕೆಲಸ, ಆದರೆ ಯಾವ ಸಾಫ್ಟ್‌ವೇರೂ ತಾನಾಗಿ ಮಾಡಿಕೊಡುವುದಿಲ್ಲ. ಒಂದು ಯಂತ್ರ ಯುಟಿಸಿಯಲ್ಲಿ (ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣಿತ ಸಮಯ), ಇನ್ನೊಂದು ಸ್ಥಳೀಯ ಸಮಯದಲ್ಲಿ ಬರೆದರಂತೂ ಗೆರೆಗಳು ಗಂಟೆಗಟ್ಟಲೆ ದೂರ ನಿಂತಿರುತ್ತವೆ. ಒಂದು ಲೆಕ್ಕಕ್ಕೆ ಅದೇ ವಾಸಿ, ತಪ್ಪು ತಕ್ಷಣ ಕಾಣುತ್ತದೆ. ಎರಡು ನಿಮಿಷದ ತಪ್ಪು ಕಾಣುವುದಿಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಹೊಸಬರು ಇದರಲ್ಲಿ ಸಿಕ್ಕಿಬೀಳುವುದನ್ನು ಬಹಳ ನೋಡಿದ್ದೇನೆ. ಎರಡು ಡೇಟಾ ಒಂದೇ ಗ್ರಾಫಿನಲ್ಲಿ ಬರಬೇಕಾದರೆ ಎರಡರಲ್ಲೂ ಅಷ್ಟೇ ಚುಕ್ಕಿ ಇರಬೇಕಾಗಿಲ್ಲ. ಉದ್ದ ಒಂದೇ ಇರಬೇಕು ಎಂದು ಮ್ಯಾಟ್‌ಲ್ಯಾಬ್ ಬೈಯುವುದು ಒಂದು ಗೆರೆಯ ಎಕ್ಸ್ ಮತ್ತು ವೈ ಬಗ್ಗೆ, ಎರಡು ಗೆರೆಗಳ ಬಗ್ಗೆ ಅಲ್ಲ. ಸ್ಟೀಲಿನ 60 ಚುಕ್ಕಿ, ಗಾಜಿನ 120 ಚುಕ್ಕಿ ಆರಾಮಾಗಿ ಒಟ್ಟಿಗೆ ಕೂರುತ್ತವೆ. ಅದು ಗೊತ್ತಿಲ್ಲದೆ ಜನ ಡೇಟಾವನ್ನೇ ಕತ್ತರಿಸುತ್ತಾರೆ, ಅಥವಾ ಖಾಲಿ ಜಾಗಕ್ಕೆ ಸೊನ್ನೆ ತುಂಬುತ್ತಾರೆ, ಆಮೇಲೆ ಗೆರೆ ಯಾಕೆ ನೆಲಕ್ಕೆ ಬಿತ್ತು ಎಂದು ತಲೆ ಕೆರೆದುಕೊಳ್ಳುತ್ತಾರೆ. ಸೊನ್ನೆ ಒಂದು ಅಳತೆ, ಅಳತೆ ಇಲ್ಲದಿರುವುದಲ್ಲ.

ಒಂದರಿಂದ ಇನ್ನೊಂದನ್ನು ಕಳೆಯಬೇಕಾದಾಗ ಮಾತ್ರ ಸಮಯಗಳು ಕೂಡಿ ಬರಬೇಕು. ಆಗ ಇಂಟರ್‌ಪೊಲೇಶನ್ ಮಾಡುತ್ತೇವೆ, ಅಂದರೆ ಎರಡು ಚುಕ್ಕಿಗಳ ನಡುವಿನ ಬೆಲೆಯನ್ನು ಅಂದಾಜಿಸುತ್ತೇವೆ. ಅಲ್ಲೂ ಒಂದೊಂದು ಸಾಫ್ಟ್‌ವೇರಿನ ಬುದ್ಧಿ ಒಂದೊಂದು ಥರ. ಡೇಟಾ ಮುಗಿದ ಮೇಲಿನ ಸಮಯ ಕೇಳಿದರೆ ಮ್ಯಾಟ್‌ಲ್ಯಾಬಿನ ಇಂಟರ್ಪ್1 'ನ್ಯಾನ್', ಅಂದರೆ ಇದು ಸಂಖ್ಯೆಯೇ ಅಲ್ಲ ಅನ್ನುವ ಗುರುತು, ಕೊಟ್ಟು ಕೈತೊಳೆದುಕೊಳ್ಳುತ್ತದೆ, ಅದೇ ಸರಿ. ಮ್ಯಾಥೆಮ್ಯಾಟಿಕಾ ಎಚ್ಚರಿಕೆ ಕೊಟ್ಟು ಹೊರಗಿನದನ್ನೂ ಊಹಿಸುತ್ತದೆ. ಪೈಥಾನ್ ಭಾಷೆಯ ಲೆಕ್ಕದ ಲೈಬ್ರರಿ ನಮ್‌ಪೈನ ಇಂಟರ್ಪ್ ಇದೆಯಲ್ಲ, ಅದು ಚಕಾರ ಎತ್ತದೆ ಕೊನೆಯ ಬೆಲೆಯನ್ನೇ ಮತ್ತೆ ಮತ್ತೆ ಕೊಡುತ್ತದೆ. ನನ್ನ ಸ್ಟೀಲ್ ಲೋಟ ಒಂದು ಗಂಟೆಯ ನಂತರ ಆರುವುದನ್ನೇ ನಿಲ್ಲಿಸಿತ್ತು. ಕಾರಣ ಭೌತಶಾಸ್ತ್ರ ಅಲ್ಲ, ಇದು.

ಇನ್ನು ಒಂದರ ಮೇಲೊಂದು ಹಾಕುವ ಕಮಾಂಡುಗಳ ವಿಷಯ. ನಾನು ಇದೇ ಡೇಟಾವನ್ನು ಕುತೂಹಲಕ್ಕೆ ನಾಲ್ಕೈದು ಕಡೆ ಹಾಕಿ ನೋಡಿದೆ. ಒಂದೇ ಪ್ರಶ್ನೆಗೆ ಪ್ರತಿಯೊಬ್ಬರೂ ಬೇರೆ ಉತ್ತರ ಕೊಡುತ್ತಾರೆ: ಹೊಸ ಗೆರೆ ಬಂದಾಗ ಹಳೆಯದು ಇರಬೇಕಾ, ಹೋಗಬೇಕಾ?

ಮ್ಯಾಟ್‌ಲ್ಯಾಬ್ ಪ್ರಕಾರ ಹೋಗಬೇಕು. 'ಹೋಲ್ಡ್ ಆನ್' ಎಂದು ಹೇಳಿದರೆ ಮಾತ್ರ ಹಳೆಯದು ಉಳಿಯುತ್ತದೆ. ಆಕ್ಟೇವ್ ಕೂಡ ಅದೇ ದಾರಿ. ಸೈಲ್ಯಾಬ್ ತದ್ವಿರುದ್ಧ, ನೀವು ಅಳಿಸು ಅನ್ನುವ ತನಕ ಮೇಲೆ ಮೇಲೆ ಗೀಚುತ್ತಲೇ ಇರುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಕಥೆ ಮಜವಾಗಿದೆ. ಜಾನ್ ಹಂಟರ್ 2003ರ ಹೊತ್ತಿಗೆ ಅದನ್ನು ಮ್ಯಾಟ್‌ಲ್ಯಾಬಿನ ಶೈಲಿಯಲ್ಲೇ ಬರೆದಿದ್ದು, ಹಾಗಾಗಿ ಅದರಲ್ಲೂ ಒಂದು 'ಹೋಲ್ಡ್' ಇತ್ತು. ಆದರೆ ಅಲ್ಲಿ ಅದು ಮೊದಲಿನಿಂದಲೂ ಆನ್ ಆಗಿಯೇ ಇರುತ್ತಿತ್ತು, ಯಾರಿಗೂ ಬೇಕಾಗಲಿಲ್ಲ. 2.0ರಲ್ಲಿ ಅದಕ್ಕೆ ನೋಟಿಸ್ ಕೊಟ್ಟು 3.0ರಲ್ಲಿ ಕಿತ್ತು ಹಾಕಿದರು. ಹಳೆಯ ಪಾಠ ನೋಡಿ ಕಲಿತವರು ಇವತ್ತಿಗೂ ಹೋಲ್ಡ್ ಬರೆದು ಎರರ್ ತಿನ್ನುತ್ತಾರೆ. ಗ್ನೂಪ್ಲಾಟ್‌ನಲ್ಲಿ ಒಂದೇ ಪ್ಲಾಟ್ ಕಮಾಂಡಿನಲ್ಲಿ ಅಲ್ಪವಿರಾಮ ಹಾಕಿ ಎಷ್ಟು ಫೈಲ್ ಬೇಕಾದರೂ ಪೋಣಿಸಬಹುದು. 1986ರ ಸಾಫ್ಟ್‌ವೇರ್ ಅದು, ನೋಡಲು ಒರಟು, ಆದರೆ ಈ ಒಂದು ವಿಷಯದಲ್ಲಿ ನನಗೆ ಅದರ ರೀತಿಯೇ ಎಲ್ಲಕ್ಕಿಂತ ಇಷ್ಟ. ಎಲ್ಲರನ್ನೂ ಒಟ್ಟಿಗೆ ಕರೆದು ಆಮೇಲೆ ಜಾಗ ಅಳೆಯುತ್ತದೆ.

ಸೇಜ್‌ನಲ್ಲಿ ಇನ್ನೂ ಚೆಂದ. ಗ್ರಾಫುಗಳನ್ನು ಸಂಖ್ಯೆಗಳ ಹಾಗೆ ಕೂಡಿಸಿದರೆ ಆಯಿತು, ನಡುವೆ ಒಂದು ಪ್ಲಸ್ ಚಿಹ್ನೆ. ಮೇಪಲ್‌ನಲ್ಲಿ ಪ್ಲಾಟುಗಳನ್ನು ಹೆಸರು ಕೊಟ್ಟು ಇಟ್ಟುಕೊಂಡು 'ಡಿಸ್‌ಪ್ಲೇ'ಗೆ ಕೊಡಬೇಕು. ಆರ್‌ನಲ್ಲಿ ಮೊದಲು 'ಪ್ಲಾಟ್', ಆಮೇಲೆ 'ಲೈನ್ಸ್', 'ಪಾಯಿಂಟ್ಸ್'. ಅದೇ ಆರ್‌ನಲ್ಲಿ 'ಪಾರ್ ನ್ಯೂ ಟ್ರೂ' ಅಂತ ಒಂದಿದೆ, ಹೆಸರು ಕೇಳಿದರೆ ಹೊಸ ಹಾಳೆ ತೆಗೆಯುತ್ತದೆ ಅನಿಸುತ್ತದೆ, ಮಾಡುವುದು ಸರಿಯಾಗಿ ಉಲ್ಟಾ: ಹಾಳೆ ಈಗಾಗಲೇ ಹೊಸದು ಎಂದು ಕಣ್ಣುಮುಚ್ಚಿ ನಂಬಿ ಹಳೆಯದನ್ನು ಅಳಿಸದೆ ಅದರ ಮೇಲೇ ಬರೆಯುತ್ತದೆ. ಅಕ್ಷಗಳನ್ನೂ ಹೊಸದಾಗಿ ಬರೆಯುತ್ತದೆ! ಹಳೆಯ ಅಕ್ಷದ ಸಂಖ್ಯೆಗಳ ಮೇಲೆ ಹೊಸ ಅಕ್ಷದ ಸಂಖ್ಯೆಗಳು, ಓದಲು ಬಾರದ ಕಪ್ಪು ಕಲೆ. ಅದನ್ನು ಬಳಸಬೇಡಿ ಅಂತ ಹೇಳುವುದಿಲ್ಲ, ಬಳಸುವಾಗ ಎರಡೂ ಸಲ ರೇಂಜ್ ಕೈಯಾರೆ ಬರೆಯಿರಿ.

ಈಗ ಮ್ಯಾಥೆಮ್ಯಾಟಿಕಾಗೆ ಬರೋಣ, ನನ್ನ ಜಾಸ್ತಿ ಸಮಯ ತಿಂದಿದ್ದು ಅದೇ. ಮೊದಲ ದಿನ ನಾನು ಮಾಡಿದ್ದು ತೀರಾ ಬಾಲಿಶ. ಒಂದರ ಮೇಲೊಂದು ಹಾಕುವುದಕ್ಕೆ ಇಂಗ್ಲಿಷಿನಲ್ಲಿ ಓವರ್‌ಲೇ ಅನ್ನುತ್ತಾರಲ್ಲ, ಸಹಾಯದ ಪುಟದಲ್ಲಿ ಆ ಹೆಸರು ಹುಡುಕಿದೆ. 'ಓವರ್‌ಲೇ' ಅನ್ನುವ ಫಂಕ್ಷನ್ ಸಿಕ್ಕೇಬಿಟ್ಟಿತು. ಮೂರು ಗ್ರಾಫ್ ಕೊಟ್ಟೆ, ಮೂರೂ ಒಂದರ ಮೇಲೊಂದು ಬಂದವು. ಬಂದವು ಅಂದರೆ, ಮೂರು ಫೋಟೋಗಳನ್ನು ಟ್ರೇಸಿಂಗ್ ಪೇಪರಿನ ಮೇಲೆ ಪ್ರಿಂಟ್ ಹಾಕಿ ಜೋಡಿಸಿದ ಹಾಗೆ. ಒಂದರ 60 ಡಿಗ್ರಿ ಇದ್ದ ಎತ್ತರದಲ್ಲಿ ಇನ್ನೊಂದರ 68 ಇತ್ತು. ಆ ಫಂಕ್ಷನ್‌ಗೆ ಅಕ್ಷ ಎಂದರೆ ಏನೆಂದೇ ಗೊತ್ತಿಲ್ಲ, ಅದಕ್ಕೆ ಕಾಣುವುದು ಚಿತ್ರ ಮಾತ್ರ. ಬೇಕಾಗಿದ್ದು 'ಶೋ'. ಅದು ಚುಕ್ಕಿ ಗೆರೆಗಳನ್ನೆಲ್ಲ ಒಂದೇ ಅಳತೆಯೊಳಗೆ ತರುತ್ತದೆ.

ಶೋ ಹಾಕಿದ ಮೇಲೆ ಎರಡು ತಮಾಷೆ ನಡೆಯಿತು. ಒಂದು, ಮೂರೂ ಗೆರೆ ಒಂದೇ ಬಣ್ಣ. ಬೇರೆ ಬೇರೆಯಾಗಿ ಹಾಕಿದ ಪ್ರತಿ ಗ್ರಾಫೂ ತನ್ನ ಮಟ್ಟಿಗೆ ಮೊದಲನೆಯದೇ, ಹಾಗಾಗಿ ಮೂರಕ್ಕೂ ಮೊದಲನೇ ಬಣ್ಣವೇ ಸಿಕ್ಕಿತ್ತು. ಹಳೆಯ ಮ್ಯಾಟ್‌ಲ್ಯಾಬ್ ಬಳಸಿದವರಿಗೆ ಇದು ನೆನಪಿರಬಹುದು. ಹೋಲ್ಡ್ ಆನ್ ಹೇಳಿದರೂ ಪ್ರತಿ ಸಲ ನೀಲಿ, ನೀಲಿ, ಮತ್ತೆ ನೀಲಿ. ಬಣ್ಣ ಮುಂದುವರಿಯಬೇಕಾದರೆ 'ಹೋಲ್ಡ್ ಆಲ್' ಅನ್ನಬೇಕಿತ್ತು. 2014ರ ಆವೃತ್ತಿ ಆರ್2014ಬಿ ಬಂದ ಮೇಲೆ ಹೋಲ್ಡ್ ಆನ್ ಒಂದೇ ಸಾಕಾಯಿತು. ಮ್ಯಾಥೆಮ್ಯಾಟಿಕಾದಲ್ಲಿ ಪರಿಹಾರ ಸುಲಭ, ಮೂರೂ ಡೇಟಾವನ್ನು ಒಂದೇ ಪಟ್ಟಿಯಲ್ಲಿ ಸೇರಿಸಿ ಒಂದೇ ಸಲ ಲಿಸ್ಟ್‌ಪ್ಲಾಟ್‌ಗೆ ಕೊಡುವುದು. ಆಗ ಬಣ್ಣ ತಾನೇ ಹಂಚಿಕೊಳ್ಳುತ್ತದೆ. ಶೋ ಬೇಕಾಗುವುದು ಬೇರೆ ಬೇರೆ ಜಾತಿಯ ಗ್ರಾಫುಗಳನ್ನು, ಉದಾಹರಣೆಗೆ ಚುಕ್ಕಿಗಳನ್ನೂ ಸೂತ್ರದ ಗೆರೆಯನ್ನೂ ಸೇರಿಸುವಾಗ.

ಎರಡನೇ ತಮಾಷೆಯೇ ನಿಜವಾದ ತಲೆನೋವು. ಕೋಣೆಯ ಉಷ್ಣತೆ ತೋರಿಸಲು 26ರಲ್ಲಿ ಒಂದು ಅಡ್ಡಗೆರೆ ಹಾಕಿದ್ದೆ. ಅದು ಕಾಣಲೇ ಇಲ್ಲ. ಮುಕ್ಕಾಲು ಗಂಟೆ ಹುಡುಕಿದೆ, ಬಣ್ಣ ಬದಲಿಸಿದೆ, ದಪ್ಪ ಮಾಡಿದೆ, ಅಡ್ಡಗೆರೆಯನ್ನು ಒಂದೇ ಹಾಕಿದರೆ ಇದೆ, ಸೇರಿಸಿದರೆ ಇಲ್ಲ. ಕೊನೆಗೆ ಗೊತ್ತಾಗಿದ್ದು ಏನೆಂದರೆ ಶೋ ತನ್ನ ರೇಂಜನ್ನು, ಅಂದರೆ ಅಕ್ಷ ಎಲ್ಲಿಂದ ಎಲ್ಲಿಯ ತನಕ ಅನ್ನುವುದನ್ನು, ಮೊದಲ ಗ್ರಾಫಿನಿಂದ ತೆಗೆದುಕೊಳ್ಳುತ್ತದೆ. ಮೊದಲು ಕೂತವರದ್ದೇ ಸೀಟು. ನನ್ನ ಮೊದಲ ಗ್ರಾಫ್ ಸ್ಟೀಲ್ ಲೋಟದ್ದು, ಅದು 40ರಿಂದ ಮೇಲೆ ಮಾತ್ರ ಇತ್ತು. 26 ಕೆಳಗೆ ಎಲ್ಲೋ ಕತ್ತಲಲ್ಲಿ ನಿಂತಿತ್ತು. ಶೋ ಒಳಗೆ 'ಪ್ಲಾಟ್ ರೇಂಜ್ ಆಲ್' ಎಂದು ಬರೆದೆ, ಬಂತು. ಆರ್‌ನ ಲೈನ್ಸ್ ಕೂಡ ಹೀಗೆಯೇ, ಮೊದಲ ಪ್ಲಾಟ್ ಹಾಕಿದ ಚೌಕಟ್ಟಿನ ಹೊರಗೆ ಏನಿದ್ದರೂ ತುಟಿಪಿಟಕ್ ಎನ್ನದೆ ಬಿಟ್ಟುಬಿಡುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಪೂರ್ತಿ ಹೊರಗಿದ್ದರೆ ಪರವಾಗಿಲ್ಲ, ಹುಡುಕುತ್ತೇವೆ. ಅರ್ಧ ಹೊರಗಿದ್ದರೆ ಗೆರೆ ಅಲ್ಲಿಗೇ ಮುಗಿಯಿತು ಅಂದುಕೊಂಡು ಮುಂದೆ ಹೋಗುತ್ತೇವೆ, ಅದು ಅಪಾಯ.

ಈಗ ನನ್ನ ಅಭ್ಯಾಸ ಏನೆಂದರೆ ಗ್ರಾಫ್ ಹಾಕುವ ಮುಂಚೆ ಎಲ್ಲ ಡೇಟಾಗಳ ಅತಿ ಚಿಕ್ಕ, ಅತಿ ದೊಡ್ಡ ಬೆಲೆಗಳನ್ನು ಒಮ್ಮೆ ಪ್ರಿಂಟ್ ಮಾಡಿ ನೋಡುವುದು. ಎರಡೇ ಸಾಲಿನ ಕೆಲಸ.

ಅಂದ ಹಾಗೆ ಮ್ಯಾಥೆಮ್ಯಾಟಿಕಾದ ಹಳೆಯ ಉದಾಹರಣೆಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಪ್ರತಿ ಪ್ಲಾಟಿನ ಕೊನೆಯಲ್ಲಿ 'ಡಿಸ್‌ಪ್ಲೇ ಫಂಕ್ಷನ್ ಐಡೆಂಟಿಟಿ' ಎಂದು ಬರೆದಿರುತ್ತಾರೆ. 1988ರಿಂದ ಆರನೇ ಆವೃತ್ತಿಯ ತನಕ ಪ್ಲಾಟ್ ಕಮಾಂಡ್ ಕೊಟ್ಟ ಕೂಡಲೇ ಚಿತ್ರ ತೆರೆಯ ಮೇಲೆ ಬಂದೇಬಿಡುತ್ತಿತ್ತು, ಕೊನೆಗೆ ಸೆಮಿಕೋಲನ್ ಹಾಕಿದರೂ ಕೇಳುತ್ತಿರಲಿಲ್ಲ. ಒಟ್ಟಿಗೆ ತೋರಿಸುವ ತನಕ ಬಿಡಿ ಚಿತ್ರಗಳ ಬಾಯಿ ಮುಚ್ಚಿಸಲು ಆ ಮಂತ್ರ. 2007ರಲ್ಲಿ ಆರನೇ ಆವೃತ್ತಿ ಬಂದ ಮೇಲೆ ಸೆಮಿಕೋಲನ್ ಸಾಕು. ಇನ್ನೂ ಆ ಮಂತ್ರ ನಕಲು ಮಾಡುವವರಿದ್ದಾರೆ, ಮಾಡಿದರೆ ನಷ್ಟ ಏನಿಲ್ಲ, ಅರ್ಥವೂ ಇಲ್ಲ.

ಮೂರು ಗೆರೆ ಸರಿಯಾದ ಮೇಲೆ ನನಗೆ ಆಸೆ ಹೆಚ್ಚಿತು. ನ್ಯೂಟನ್ 1701ರಲ್ಲಿ ಹೇಳಿದ ತಣಿಯುವ ನಿಯಮ ಇದೆಯಲ್ಲ, ವಸ್ತು ಎಷ್ಟು ಬೇಗ ಆರುತ್ತದೆ ಅನ್ನುವುದು ಅದಕ್ಕೂ ಸುತ್ತಲಿಗೂ ಇರುವ ಉಷ್ಣತೆಯ ವ್ಯತ್ಯಾಸಕ್ಕೆ ತಕ್ಕ ಹಾಗೆ ಎಂದು, ಆ ಸೂತ್ರದ ಗೆರೆಯನ್ನು ನನ್ನ ಚುಕ್ಕಿಗಳ ಮೇಲೆ ಹಾಯಿಸಿ ನೋಡೋಣ ಅಂತ. ಅಳತೆಯನ್ನು ಚುಕ್ಕಿಯಾಗಿ, ಸೂತ್ರವನ್ನು ಗೆರೆಯಾಗಿ ಹಾಕುವುದು ಒಳ್ಳೆಯ ಪದ್ಧತಿ. ಚುಕ್ಕಿ ಅಂದರೆ ಇಲ್ಲಿ ನಾನು ಅಳೆದೆ, ಗೆರೆ ಅಂದರೆ ಎಲ್ಲ ಕಡೆ ಹೀಗಿರುತ್ತದೆ ಎಂದು ನಾನು ಹೇಳುತ್ತಿದ್ದೇನೆ. ಅಳತೆಯ ಚುಕ್ಕಿಗಳನ್ನೂ ಗೆರೆಯಿಂದ ಜೋಡಿಸಿಬಿಟ್ಟರೆ ಯಾವುದು ಕಂಡದ್ದು, ಯಾವುದು ಊಹೆ ಎಂದು ಓದುವವರಿಗೆ ಗೊತ್ತಾಗುವುದಿಲ್ಲ. ಸೂತ್ರದ ಗೆರೆ ಮೊದಲು, ಚುಕ್ಕಿಗಳು ಆಮೇಲೆ ಹಾಕಿ. ಸಾಮಾನ್ಯವಾಗಿ ಕೊನೆಗೆ ಬಂದದ್ದು ಮೇಲೆ ಕೂರುತ್ತದೆ, ಅಳತೆ ಮೇಲೆ ಇರಲಿ.

ಹಾಕಿದೆ. ಗ್ರಾಫಿನ ಈ ತುದಿಯಿಂದ ಆ ತುದಿಗೆ ಕತ್ತಿಯಲ್ಲಿ ಸೀಳಿದ ಹಾಗೆ ಒಂದು ನೇರ ಗೆರೆ! ನಾನು ಸ್ಟೀಲ್ ಲೋಟದ ಎರಡು ದಿನದ ಅಳತೆಗಳನ್ನು ಒಂದೇ ಫೈಲಿನಲ್ಲಿ ಒಂದರ ಕೆಳಗೊಂದು ಸೇರಿಸಿದ್ದೆ, ಸೂತ್ರವನ್ನು ಅದೇ ಸಮಯಗಳಿಗೆ ಲೆಕ್ಕ ಹಾಕಿದ್ದೆ. ಸಾಫ್ಟ್‌ವೇರ್ ಚುಕ್ಕಿಗಳನ್ನು ಫೈಲಿನ ಕ್ರಮದಲ್ಲೇ ಜೋಡಿಸುತ್ತದೆ, ಎಡದಿಂದ ಬಲಕ್ಕಲ್ಲ. ಮೊದಲ ದಿನದ 60ನೇ ನಿಮಿಷದಿಂದ ಎರಡನೇ ದಿನದ ಸೊನ್ನೆ ನಿಮಿಷಕ್ಕೆ ಒಂದೇ ಜಿಗಿತ. ಸಮಯದ ಪ್ರಕಾರ ವಿಂಗಡಿಸಿದರೆ ಹೋಗುತ್ತದೆ. ಅದಕ್ಕಿಂತ ಒಳ್ಳೆಯದು, ಸೂತ್ರಕ್ಕೆ ನಿಮ್ಮ ಅಳತೆಯ ಸಮಯಗಳು ಬೇಕಾಗಿಯೇ ಇಲ್ಲ. ಅದಕ್ಕೇ ಬೇರೆ ಸಮಯಗಳನ್ನು ಹುಟ್ಟಿಸಿ, 0ಯಿಂದ 60ರ ತನಕ ಸಮ ಅಂತರದಲ್ಲಿ ಇನ್ನೂರು ಚುಕ್ಕಿ ಕೊಡಿ, ಗೆರೆ ನುಣುಪಾಗಿ ಬರುತ್ತದೆ.

ಆಮೇಲೆ ಬಂತು ಎರಡು ವೈ ಅಕ್ಷದ ಹುಚ್ಚು.

ಲೋಟಗಳನ್ನು ತಕ್ಕಡಿಯ ಮೇಲೆ ಇಟ್ಟಿದ್ದೆ, ನೀರು ಆವಿಯಾಗಿ ಎಷ್ಟು ಕಡಿಮೆಯಾಯಿತು ಅಂತಲೂ ಗೊತ್ತಿತ್ತು. ಸ್ಟೀಲ್ ಲೋಟ 20 ನಿಮಿಷದಲ್ಲಿ ಸುಮಾರು 5 ಗ್ರಾಂ ಕಳೆದುಕೊಂಡಿತ್ತು. ಎಡಗಡೆ ಡಿಗ್ರಿ, ಬಲಗಡೆ ಗ್ರಾಂ ಇಟ್ಟು ಎರಡೂ ಗೆರೆ ಒಟ್ಟಿಗೆ ಹಾಕಿದರೆ ಎಷ್ಟು ಚೆನ್ನ ಅಲ್ವಾ ಅನಿಸಿತು. ಇದಕ್ಕೆ ಎಲ್ಲ ಕಡೆ ಸೌಕರ್ಯ ಇದೆ. ಮ್ಯಾಟ್‌ಲ್ಯಾಬ್‌ನಲ್ಲಿ ಆರ್2016ಎಯಿಂದ 'ವೈವೈ ಆಕ್ಸಿಸ್', ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ 'ಟ್ವಿನ್ ಎಕ್ಸ್'. ಟ್ವಿನ್ ಎಕ್ಸ್ ಹಾಕಿದೆ, ಎರಡೂ ಗೆರೆ ಮತ್ತೆ ನೀಲಿ. ಹೊಸ ಅಕ್ಷ ಬಣ್ಣದ ಎಣಿಕೆಯನ್ನು ಮೊದಲಿನಿಂದ ಶುರು ಮಾಡುತ್ತದೆ. ಲೆಜೆಂಡ್, ಅಂದರೆ ಯಾವ ಬಣ್ಣ ಯಾವ ಗೆರೆ ಎಂದು ಹೇಳುವ ಪಟ್ಟಿ, ಕೇಳಿದರೆ ಒಂದೇ ಗೆರೆಯ ಹೆಸರು ತೋರಿಸಿತು, ಯಾಕೆಂದರೆ ಪ್ರತಿ ಅಕ್ಷದ ಲೆಜೆಂಡ್ ಬೇರೆ. ಇವನ್ನೆಲ್ಲ ಸರಿ ಮಾಡಿದೆ. ಎರಡು ಗೆರೆ ಸುಂದರವಾಗಿ ಒಂದನ್ನೊಂದು 11ನೇ ನಿಮಿಷದಲ್ಲಿ ದಾಟಿದವು.

ದಾಟಿದವು, ಸರಿ. ಅದರ ಅರ್ಥ ಏನು? ಡಿಗ್ರಿ ಗ್ರಾಮನ್ನು ದಾಟುವುದು ಅಂದರೆ ಏನು? ಬಲಗಡೆಯ ಅಕ್ಷವನ್ನು 0–5ರ ಬದಲು 0–10 ಮಾಡಿದೆ, ದಾಟುವ ಜಾಗ ಓಡಿಹೋಯಿತು. 0–50 ಮಾಡಿದೆ, ದಾಟುವುದೇ ಇಲ್ಲ. ಅಕ್ಷದ ತುದಿಗಳನ್ನು ಎಳೆದಾಡಿ ಯಾವ ಎರಡು ಗೆರೆಗಳನ್ನು ಬೇಕಾದರೂ ಜೊತೆಜೊತೆಯಾಗಿ ನಡೆಸಬಹುದು, ಜಗಳ ಆಡಿಸಬಹುದು. ಆ ಗ್ರಾಫ್ ಹೇಳುತ್ತಿದ್ದದ್ದು ನೀರಿನ ಬಗ್ಗೆ ಅಲ್ಲ, ನಾನು ಎರಡು ಬಾಕ್ಸಿನಲ್ಲಿ ಟೈಪ್ ಮಾಡಿದ ಸಂಖ್ಯೆಗಳ ಬಗ್ಗೆ. ಆರ್‌ನಲ್ಲಿ ಗ್ರಾಫ್ ಹಾಕುವ ಪ್ಯಾಕೇಜ್ ಜಿಜಿಪ್ಲಾಟ್2 ಬರೆದ ಹ್ಯಾಡ್ಲಿ ವಿಕಮ್ ಇದಕ್ಕೆ ಬಹಳ ಕಾಲ ವಿರೋಧವಾಗಿಯೇ ಇದ್ದರು. 2016ರಲ್ಲಿ ಎರಡನೇ ಅಕ್ಷಕ್ಕೆ ಜಾಗ ಕೊಟ್ಟಾಗಲೂ ಒಂದು ಷರತ್ತು ಇತ್ತು: ಎರಡನೆಯದು ಮೊದಲನೆಯದರ ರೂಪಾಂತರವೇ ಆಗಿರಬೇಕು, ಸೂತ್ರದಿಂದ ಬರಬೇಕು. ಡಿಗ್ರಿ ಸೆಲ್ಸಿಯಸ್‌ಗೆ ಪಕ್ಕದಲ್ಲಿ ಫ್ಯಾರನ್‌ಹೀಟ್ ಇಟ್ಟ ಹಾಗೆ. ಮೊದಲು ಓದಿದಾಗ ಇದೆಂಥ ಹಠ ಅಂದುಕೊಂಡಿದ್ದೆ.

ಆ ಷರತ್ತು ಇಟ್ಟುಕೊಂಡೇ ಯೋಚಿಸಿದೆ. ಗ್ರಾಮಿನಿಂದ ಡಿಗ್ರಿಗೆ ಸೂತ್ರ ಇದೆಯಾ? ಇದೆ! ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2300 ಜೂಲ್ ಬೇಕು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಇಳಿಸುವುದು ಅಂದರೆ 4.18 ಜೂಲ್, 200 ಗ್ರಾಮಿಗೆ 836. ಭಾಗಿಸಿದರೆ ಪ್ರತಿ ಗ್ರಾಂ ಆವಿ ಲೋಟದ ನೀರನ್ನು ಸುಮಾರು 2.7 ಡಿಗ್ರಿ ಇಳಿಸುತ್ತದೆ. ಹಾಗಾದರೆ 5 ಗ್ರಾಂ ಅಂದರೆ ಹದಿಮೂರು ಹದಿನಾಲ್ಕು ಡಿಗ್ರಿ. ತೂಕದ ಕಾಲಂ ಅನ್ನು 2.7ರಿಂದ ಗುಣಿಸಿದೆ, ಒಟ್ಟು ಎಷ್ಟು ಡಿಗ್ರಿ ಇಳಿಯಿತು ಅನ್ನುವ ಗೆರೆಯ ಜೊತೆ ಅದೇ ಅಕ್ಷದ ಮೇಲೆ ಹಾಕಿದೆ. ಎರಡನೇ ಅಕ್ಷ ಬೇಕಾಗಲೇ ಇಲ್ಲ. ಸ್ಟೀಲ್ ಲೋಟದ 30 ಡಿಗ್ರಿ ಇಳಿತದಲ್ಲಿ ಹೆಚ್ಚುಕಡಿಮೆ ಅರ್ಧ ಆವಿಯ ಲೆಕ್ಕಕ್ಕೇ ಹೋಗಿತ್ತು. ಎರಡು ಗೆರೆಗಳ ನಡುವಿನ ಜಾಗ ಅಂದರೆ ಲೋಟದ ಗೋಡೆ, ಗಾಳಿ, ಮೇಜು ಇವೆಲ್ಲ ಸೇರಿ ತೆಗೆದುಕೊಂಡದ್ದು. ಯಾವ ಲೋಹ, ಯಾವ ಗಾಜು ಎಂದು ನಾನು ತಲೆ ಕೆಡಿಸಿಕೊಂಡಿದ್ದೆ, ಅರ್ಧ ಬಿಸಿ ಮೇಲಿನ ಬಾಯಿಯಿಂದ ಹೊರಟುಹೋಗುತ್ತಿತ್ತು.

ಗೆರೆಗಳ ನಡುವಿನ ಜಾಗಕ್ಕೆ ಅರ್ಥ ಇರಬೇಕು ಅನ್ನುವುದು ಹೊಸ ವಿಚಾರವೇನಲ್ಲ. ವಿಲಿಯಂ ಪ್ಲೇಫೇರ್ 1786ರಲ್ಲಿ ಇಂಗ್ಲೆಂಡಿನ ಆಮದು ರಫ್ತಿನ ಎರಡು ಗೆರೆಗಳನ್ನು ಒಂದೇ ಚಿತ್ರದಲ್ಲಿ ಎಳೆದ. ಡೆನ್ಮಾರ್ಕ್, ನಾರ್ವೆ ಜೊತೆಗಿನ ವ್ಯಾಪಾರದ ಚಿತ್ರ ಅದು, 1700ರಿಂದ 1780ರ ತನಕ. ಎರಡೂ ಪೌಂಡಿನಲ್ಲಿ, ಒಂದೇ ಅಕ್ಷ. ನಡುವಿನ ಜಾಗಕ್ಕೆ ಬಣ್ಣ ತುಂಬಿ ಇಲ್ಲಿ ನಷ್ಟ, ಇಲ್ಲಿ ಲಾಭ ಎಂದು ಬರೆದ. ಅಲ್ಲಿ ಗೆರೆಗಳು ದಾಟಿದ್ದಕ್ಕೆ ಅರ್ಥ ಇತ್ತು.

ಮೂರು ಪಾತ್ರೆಗಳನ್ನು ಹೋಲಿಸಲು ಕೊನೆಗೆ ನನಗೆ ಸಹಾಯವಾಗಿದ್ದು ಲಾಗ್ ಅಕ್ಷ, ಅಂದರೆ ಪ್ರತಿ ಸಮ ಹೆಜ್ಜೆಗೂ ಬೆಲೆ ಅಷ್ಟೇ ಪಟ್ಟು ಬದಲಾಗುವ ಅಕ್ಷ. ಬರೀ ಉಷ್ಣತೆಯ ಬದಲು ಉಷ್ಣತೆ ಮೈನಸ್ 26 ತೆಗೆದುಕೊಂಡು ವೈ ಅಕ್ಷವನ್ನು ಲಾಗ್ ಮಾಡಿದರೆ ನ್ಯೂಟನ್ನನ ನಿಯಮ ನೇರ ಗೆರೆಯಾಗುತ್ತದೆ. ಬಾಗಿದ ಮೂರು ಗೆರೆಗಳಲ್ಲಿ ಯಾವುದು ಜಾಸ್ತಿ ಬಾಗಿದೆ ಅಂತ ಕಣ್ಣು ಹೇಳಲಾರದು, ನೇರ ಗೆರೆಗಳ ಇಳಿಜಾರನ್ನು ಥಟ್ಟನೆ ಹೇಳುತ್ತದೆ. ಮೂರೂ ಲೋಟ ಸ್ವಲ್ಪ ಬೇರೆ ಬೇರೆ ಉಷ್ಣತೆಯಲ್ಲಿ ಶುರುವಾದರೂ ಪರವಾಗಿಲ್ಲ, ಗೆರೆ ಮೇಲೆ ಕೆಳಗೆ ಸರಿಯುತ್ತದೆಯೇ ಹೊರತು ಇಳಿಜಾರು ಬದಲಾಗುವುದಿಲ್ಲ. ಸ್ಟೀಲ್, ಗಾಜು ಎರಡೂ ಶುರುವಿನಲ್ಲಿ ಕಡಿದಾಗಿ ಇಳಿದು ಆಮೇಲೆ ನೇರವಾದವು, ಬಿಸಿ ಜಾಸ್ತಿ ಇರುವಾಗ ಆವಿಯೂ ಜಾಸ್ತಿ. ಮುಚ್ಚಳದ ಮಗ್ ಮಾತ್ರ ಬಹುತೇಕ ಮೊದಲಿನಿಂದಲೇ ನೇರ. ಒಂದು ಎಚ್ಚರಿಕೆ, ಕೋಣೆಯ ಉಷ್ಣತೆಯನ್ನು ಒಂದು ಡಿಗ್ರಿ ತಪ್ಪಾಗಿ ಕಳೆದರೂ ಗೆರೆಯ ಬಾಲ ಬಾಗುತ್ತದೆ. ಬಾಲ ನೋಡಿ ಹೊಸ ಭೌತಶಾಸ್ತ್ರ ಹುಡುಕಬೇಡಿ.

ಅಷ್ಟೊತ್ತಿಗೆ ನನ್ನ ಬಳಿ ಐದು ದಿನದ ಅಳತೆ ಇತ್ತು, ಮೂರು ಪಾತ್ರೆ ಅಂದರೆ ಹದಿನೈದು ಗೆರೆ. ಎಲ್ಲವನ್ನೂ ಹಾಕಿದೆ, ನೂಡಲ್ಸ್ ಆಯಿತು. ಮ್ಯಾಟ್‌ಲ್ಯಾಬ್ ಏಳು ಬಣ್ಣ ಆದ ಮೇಲೆ, ಮ್ಯಾಟ್‌ಪ್ಲಾಟ್‌ಲಿಬ್ ಹತ್ತು ಆದ ಮೇಲೆ ಬಣ್ಣಗಳನ್ನು ತಿರುಗಿ ಹಂಚುತ್ತದೆ, ಮ್ಯಾಟ್‌ಲ್ಯಾಬಿನಲ್ಲಿ ಎಂಟನೇ ಗೆರೆಗೆ ಮೊದಲನೆಯದರ ಬಣ್ಣವೇ ಬರುತ್ತದೆ. ಹದಿನೈದು ಬಣ್ಣ ಹುಡುಕುವುದು ದಾರಿ ಅಲ್ಲ. ಪಾತ್ರೆಗೆ ಒಂದು ಬಣ್ಣದಂತೆ ಮೂರೇ ಬಣ್ಣ ಇಟ್ಟೆ. ದಿನದ ಗೆರೆಗಳನ್ನು ತೆಳುವಾಗಿ, ಅರೆಪಾರದರ್ಶಕವಾಗಿ ಹಾಕಿ ಸರಾಸರಿಯನ್ನು ಮಾತ್ರ ದಪ್ಪ ಮಾಡಿದೆ. ಲೆಜೆಂಡ್ ತೆಗೆದುಹಾಕಿ ಗೆರೆಯ ತುದಿಯಲ್ಲೇ ಹೆಸರು ಬರೆದೆ. ಕೆಂಪು ಹಸಿರು ಬೇರೆ ಮಾಡಿ ನೋಡಲು ಕಷ್ಟವಾಗುವವರಿಗೂ, ಕಪ್ಪುಬಿಳುಪಿನಲ್ಲಿ ಪ್ರಿಂಟ್ ತೆಗೆಯುವವರಿಗೂ ಇದರಿಂದ ಅನುಕೂಲ. ಅದಕ್ಕೂ ಮೀರಿದರೆ ಒಂದರ ಮೇಲೊಂದು ಹಾಕುವ ಹಟ ಬಿಟ್ಟು ಪಕ್ಕಪಕ್ಕ ಹಾಕಿ, ಆದರೆ ಎಲ್ಲದರ ಅಕ್ಷದ ರೇಂಜ್ ಒಂದೇ ಇರಲಿ. ತಾನಾಗಿ ಬಿಟ್ಟರೆ ಪ್ರತಿ ಚೌಕಟ್ಟೂ ತನಗೆ ಬೇಕಾದ ರೇಂಜ್ ಆರಿಸಿಕೊಂಡು ಎಲ್ಲ ಗೆರೆಗಳೂ ಒಂದೇ ಥರ ಕಾಣುತ್ತವೆ.

30 ಸೆಕೆಂಡಿನ ಭೂತ ಇನ್ನೊಂದು ಸಲ ಕಾಡಿತು. ಥರ್ಮಾಮೀಟರುಗಳು ಎಷ್ಟು ಅಲುಗಾಡುತ್ತವೆ ಎಂದು ನೋಡಲು ಸ್ಟೀಲಿನದ್ದನ್ನೂ ಗಾಜಿನದ್ದನ್ನೂ ಒಂದೇ ನೀರಿನಲ್ಲಿಟ್ಟು, ಎರಡರ ಹಿಸ್ಟೋಗ್ರಾಮನ್ನು (ಯಾವ ಬೆಲೆ ಎಷ್ಟು ಸಲ ಬಂತು ಎಂದು ತೋರಿಸುವ ಕಂಬಗಳ ಚಿತ್ರ) ಒಂದರ ಮೇಲೊಂದು ಹಾಕಿದೆ. ಗಾಜಿನ ಲೋಟದ ಥರ್ಮಾಮೀಟರಿನ ಕಂಬಗಳು ಎರಡು ಪಟ್ಟು ಎತ್ತರ. ಈ ಸಲ ಯಾರಿಗೂ ಕಳಿಸಲಿಲ್ಲ. ರೀಡಿಂಗುಗಳೇ ಎರಡು ಪಟ್ಟು ಇದ್ದ ಮೇಲೆ ಕಂಬ ಎತ್ತರ ಇರಲೇಬೇಕು. ಎಣಿಕೆಯ ಬದಲು ಸಾಂದ್ರತೆ (ಕಂಬಗಳ ಒಟ್ಟು ವಿಸ್ತೀರ್ಣ ಒಂದಾಗುವ ಹಾಗೆ) ಹಾಕಿ, ಎರಡಕ್ಕೂ ಒಂದೇ ಬಿನ್ ಗಡಿಗಳನ್ನು, ಅಂದರೆ ಪ್ರತಿ ಕಂಬ ಎಲ್ಲಿಂದ ಎಲ್ಲಿಗೆ ಅನ್ನುವುದನ್ನು, ಕೈಯಾರೆ ಕೊಟ್ಟ ಮೇಲೆ ಅಗಲ ಒಂದೇ ಬಂತು. ಆದರೆ ಒಂದು ಗುಡ್ಡ ಇನ್ನೊಂದಕ್ಕಿಂತ 0.8 ಡಿಗ್ರಿ ಬಲಕ್ಕಿತ್ತು. ಅಂದರೆ ಥರ್ಮಾಮೀಟರುಗಳೇ ಒಪ್ಪುತ್ತಿರಲಿಲ್ಲ. ಇದನ್ನು ಎಲ್ಲಕ್ಕಿಂತ ಮೊದಲು ಮಾಡಬೇಕಿತ್ತು, ಮಾಡಿದ್ದು ಕೊನೆಗೆ. ಅದನ್ನು ಸರಿಪಡಿಸಿದ ಮೇಲೆ ಸ್ಟೀಲಿಗೂ ಗಾಜಿಗೂ ಇದ್ದ ಎರಡು ನಿಮಿಷದ ವ್ಯತ್ಯಾಸದಲ್ಲಿ ಸುಮಾರು ಮುಕ್ಕಾಲು ನಿಮಿಷ ಕರಗಿಹೋಯಿತು.

ಈಗ ಪರದೆಯ ಮೇಲಿರುವ ಚಿತ್ರದಲ್ಲಿ ಎರಡು ಗೆರೆ ಒಂದನ್ನೊಂದು ತಬ್ಬಿಕೊಂಡು ಇಳಿಯುತ್ತವೆ, ಪಿಂಗಾಣಿ ಮಗ್ ದೂರದಲ್ಲಿ ಮೇಲೆ ನಿಧಾನವಾಗಿ ಬರುತ್ತದೆ. ಗೆಳೆಯನಿಗೆ ಕಳಿಸಿದೆ. ಅವನು ಮತ್ತೆ ಒಂದೇ ಸಾಲು ಬರೆದ, ಮಗ್‌ನ ತೆಳು ಗೆರೆಗಳಲ್ಲಿ ಒಂದು ಮಾತ್ರ 12ನೇ ನಿಮಿಷದಲ್ಲಿ ಮೆಟ್ಟಿಲ ಹಾಗೆ ಕೆಳಗೆ ಜಾರಿದೆ, ಅದೇನು ಅಂತ. ಫೈಲ್ ತೆಗೆದು ತಾರೀಖು ನೋಡಿದೆ. ಮೊದಲ ದಿನದ್ದು. ಒಳಗೆ ಏನಾಗುತ್ತಿದೆ ನೋಡೋಣ ಅಂತ ಮುಚ್ಚಳ ತೆಗೆದು ಇಣುಕಿದ್ದು ನಾನೇ.